ಕಾಲುಂಗುರಕ್ಕೆ ಒಗ್ಗಿದ ಮಳೆಬೂಟು

ಆಶ್‌ಬರ್ನ್: ಮುನ್ನೂರ ಹನ್ನೆರಡು ಹೆಜ್ಜೆ

ಅಮೆರಿಕಕ್ಕೆ ಹೋಗಿ ಬಂದೆ ಅಂದರೆ ಎಲ್ಲರೂ ದೊಡ್ಡ ದೊಡ್ಡದನ್ನೇ ಕೇಳುತ್ತಾರೆ. ಅಧ್ಯಕ್ಷರ ಬಿಳಿ ಮನೆ ನೋಡಿದಿರಾ ಅಂತ. ನೋಡಿದೆ. ಬೇಲಿಯ ಸಂದಿಯಿಂದ ನೋಡಿದೆ, ಸುಣ್ಣ ಚೆನ್ನಾಗಿ ಹೊಡೆದಿದ್ದಾರೆ. ಆದರೆ ಆ ಆರು ತಿಂಗಳಲ್ಲಿ ನಾನು ಕಣ್ತುಂಬ ನೋಡಿದ್ದು ಒಂದೇ ದಾರಿ. ಮಗಳ ಮನೆಯ ಮೆಟ್ಟಿಲಿನಿಂದ ಸ್ಕೂಲ್ ಬಸ್ ನಿಲ್ಲುವ ಮೂಲೆಯವರೆಗಿನ ದಾರಿ. ನನ್ನ ಕಾಲಿನಲ್ಲಿ ಮುನ್ನೂರ ಹನ್ನೆರಡು ಹೆಜ್ಜೆ. ಮೊಮ್ಮಗಳು ಅನ್ವಿಯ ಕಾಲಿನಲ್ಲಿ ಎಷ್ಟು ಅಂತ ಎಣಿಸಲು ಆಗಲಿಲ್ಲ, ಅವಳು ನಡೆಯುವುದಿಲ್ಲ, ಕುಣಿಯುತ್ತಾಳೆ.

ನಾನು ಓದಿದ್ದು ಐದನೇ ಕ್ಲಾಸು. ತಿಪಟೂರಿನ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿ ಹದಿನಾರು ವರ್ಷ ಬಿಸಿಯೂಟದ ಅಡುಗೆ ಮಾಡಿದೆ. ನಮ್ಮೆಜಮಾನರು ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುತ್ತಿದ್ದರು, ಈಗ ಮಂಡಿನೋವಿನಿಂದ ಕೆಲಸ ಬಿಟ್ಟಿದ್ದಾರೆ, ಅವರೂ ನನ್ನ ಜೊತೆ ಬಂದಿದ್ದರು. ಒಬ್ಬಳೇ ಮಗಳು ಪವಿತ್ರ ರಾಕ್‌ವಿಲ್ ಎಂಬ ಊರಿನಲ್ಲಿ ಔಷಧಿ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಾಳೆ. ಅಳಿಯಂದಿರು ಮಂಜುನಾಥ ಅವರಿಗೆ ಆಶ್‌ಬರ್ನಿನಲ್ಲೇ, ಕಿಟಕಿಯೇ ಇಲ್ಲದ ಉದ್ದುದ್ದ ಕಟ್ಟಡಗಳಲ್ಲಿ ಕಂಪ್ಯೂಟರ್ ಕಾಯುವ ಕೆಲಸ. ಅನ್ವಿಗೆ ಐದು ವರ್ಷ, ಕಿಂಡರ್‌ಗಾರ್ಟನ್.

ಅಲ್ಲಿ ಒಂದು ನಿಯಮವಿದೆ. ಅಷ್ಟು ಚಿಕ್ಕ ಮಗುವನ್ನು ಬಸ್ಸಿನಿಂದ ಇಳಿಸಬೇಕಾದರೆ ಮನೆಯ ದೊಡ್ಡವರೊಬ್ಬರು ಅಲ್ಲಿ ನಿಂತಿರಬೇಕು. ಇಲ್ಲದಿದ್ದರೆ ಮಗುವನ್ನು ಇಳಿಸದೆ ವಾಪಸ್ ಸ್ಕೂಲಿಗೇ ಕರೆದುಕೊಂಡು ಹೋಗುತ್ತಾರೆ. ಬೆಳಿಗ್ಗೆ ಬಿಡುವುದು ಪವಿತ್ರ. ಸಾಯಂಕಾಲ ಕರೆದುಕೊಂಡು ಬರುವುದು ನನ್ನ ಪಾಲಿಗೆ ಬಂತು. ಇದಕ್ಕಿಂತ ದೊಡ್ಡ ಕೆಲಸ ನನಗೆ ಜೀವಮಾನದಲ್ಲಿ ಯಾರೂ ಕೊಟ್ಟಿರಲಿಲ್ಲ. ಮೂರು ಮುಕ್ಕಾಲಿಗೆ ಬಸ್ಸು ಅಂದರೆ ನಾನು ಮೂರಕ್ಕೇ ತಲೆ ಬಾಚಿಕೊಂಡು ಕೂತಿರುತ್ತಿದ್ದೆ.

ಹಳದಿ ಬಸ್ಸು ಬಂದು ನಿಂತರೆ ಪಕ್ಕದಿಂದ ಕೈಯಂತೆ ಒಂದು ಕೆಂಪು ಫಲಕ ಹೊರಗೆ ಚಾಚಿಕೊಳ್ಳುತ್ತದೆ. ಆಗ ಆ ಕಡೆಯ ಕಾರೂ ಈ ಕಡೆಯ ಕಾರೂ ಇದ್ದಲ್ಲೇ ನಿಲ್ಲುತ್ತವೆ. ನಮ್ಮಲ್ಲಿ ಮಂತ್ರಿ ಬಂದರೆ ಹಾಗೆ ನಿಲ್ಲಿಸುತ್ತಾರೆ. ಇಲ್ಲಿ ನನ್ನ ಮೊಮ್ಮಗಳು ಬ್ಯಾಗು ಬೆನ್ನಿಗೆ ಹಾಕಿಕೊಂಡು ಇಳಿದು ಬರುವವರೆಗೆ ಯಾರೂ ಹಾರನ್ ಕೂಡ ಹೊಡೆಯುವುದಿಲ್ಲ. ನನಗೆ ಎದೆ ಉಬ್ಬಿ ಬರುತ್ತಿತ್ತು. ಮನೆಗೆ ಬಂದು ಇವರಿಗೆ ದಿನಾ ಅದನ್ನೇ ಹೇಳುತ್ತಿದ್ದೆ.

"ಇವತ್ತು ಎಷ್ಟು ಕಾರು ನಿಂತವು?" ಅಂತ ಇವರೂ ದಿನಾ ಕೇಳುವರು.

"ಒಂಬತ್ತು."

"ನಿನ್ನೆ ಹನ್ನೊಂದಿತ್ತು. ನಿನ್ನ ಮೊಮ್ಮಗಳಿಗೆ ಬೆಲೆ ಇಳೀತಾ ಇದೆ ಕಣೆ."

ಮೊದಲ ಮಳೆ

ಮೂರನೇ ವಾರ ಮಳೆ ಬಂತು. ದೊಡ್ಡ ಮಳೆಯಲ್ಲ, ನಮ್ಮೂರಲ್ಲಾದರೆ ತಲೆಗೆ ಸೆರಗು ಹಾಕಿಕೊಂಡು ನೀರಿಗೆ ಹೋಗಿ ಬರುವಂಥದ್ದು. ನಾನು ಊರಿಂದ ತಂದಿದ್ದ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಛತ್ರಿ ಹಿಡಿದು ಹೊರಟೆ. ಮಳೆಯಲ್ಲಿ ಛತ್ರಿ ಹಿಡಿದವಳು ನಾನೊಬ್ಬಳೇ. ಅಲ್ಲಿಯವರು ಅಂಗಿಗೆ ಹೊಲಿದ ಟೋಪಿ ತಲೆಗೆ ಎಳೆದುಕೊಂಡು, ಕೈ ಜೇಬಿಗೆ ಹಾಕಿಕೊಂಡು ನೆನೆಯುತ್ತಾ ನಿಲ್ಲುತ್ತಾರೆ. ಪಕ್ಕದ ಸಾಲಿನ ಒಬ್ಬರು ನಾಯಿಗೆ ಮಳೆ ಅಂಗಿ ಹಾಕಿದ್ದರು, ತಾವು ಮಾತ್ರ ಚಡ್ಡಿಯಲ್ಲಿದ್ದರು.

ಅವತ್ತು ಬೆಳಿಗ್ಗೆ ಹುಲ್ಲು ಕತ್ತರಿಸುವವರು ಯಂತ್ರ ತಂದು ಬೀದಿಯ ಹುಲ್ಲನ್ನೆಲ್ಲ ಕತ್ತರಿಸಿ ಹೋಗಿದ್ದರು. ಆ ಪುಡಿ ಹುಲ್ಲು ಸಿಮೆಂಟಿನ ಕಾಲುದಾರಿಯ ಮೇಲೆ ಹರಡಿ, ಮಳೆಗೆ ನೆನೆದು ಲೋಳೆಯಾಗಿತ್ತು. ಹೋಗುವಾಗ ನನಗೆ ಏನೂ ಆಗಲಿಲ್ಲ. ಬರುವಾಗ ಇಳಿಜಾರಿನಲ್ಲಿ ಎಡಗಾಲಿನ ಚಪ್ಪಲಿ ಮುಂದೆ ಹೋಯಿತು, ನಾನು ಹಿಂದೆ ಹೋದೆ. ಕೆಸರಿನಲ್ಲಿ, ಎಣ್ಣೆ ಚೆಲ್ಲಿದ ಅಡುಗೆಮನೆಯಲ್ಲಿ, ಎಲ್ಲೂ ಜಾರದ ಕಾಲು ನನ್ನದು. ಬರಿಗಾಲಾಗಿದ್ದರೆ ಬೆರಳು ನೆಲ ಕಚ್ಚಿ ಹಿಡಿಯುತ್ತಿತ್ತು. ರಬ್ಬರಿಗೆ ಬೆರಳೆಲ್ಲಿಂದ ಬರಬೇಕು.

ಬಿದ್ದದ್ದು ನಾನೊಬ್ಬಳೇ ಆಗಿದ್ದರೆ ಯಾರಿಗೂ ಹೇಳುತ್ತಿರಲಿಲ್ಲ. ಅನ್ವಿಯ ಕೈ ಹಿಡಿದಿದ್ದೆ. ಬೀಳುವಾಗ ಬಿಡಬೇಕಿತ್ತು, ಬಿಡಲಿಲ್ಲ. ಅವಳೂ ಬಿದ್ದಳು, ಮಂಡಿ ತರಚಿತು, ರಕ್ತ ಬಂತು. ನಾಯಿಯವರು ಓಡಿ ಬಂದು ಇಬ್ಬರನ್ನೂ ಎತ್ತಿ ಮನೆಯವರೆಗೆ ಬಂದರು. ಅನ್ವಿ ಅತ್ತದ್ದಕ್ಕಿಂತ, ಅಳು ನಿಲ್ಲಿಸಿ ನನ್ನನ್ನು ನೋಡಿದಳಲ್ಲ, ಅದರಿಂದ ನನಗೆ ಹೆಚ್ಚು ನೋವಾಯಿತು. ದೊಡ್ಡವರೂ ಬೀಳುತ್ತಾರೆ ಅಂತ ಅವಳಿಗೆ ಅವತ್ತು ಗೊತ್ತಾಯಿತು.

ಸಾಯಂಕಾಲ ಪವಿತ್ರ ಬಂದು ಮಗಳ ಮಂಡಿ ನೋಡಿದಳು, ನನ್ನ ಮೊಣಕೈ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

"ಅಮ್ಮ, ಇನ್ಮೇಲೆ ಮಳೆ ಇರೋ ದಿನ ನೀನು ಹೋಗ್ಬೇಡ. ಲಾವಣ್ಯಂಗೆ ಹೇಳ್ತೀನಿ, ಅವಳ ಮಗನ ಜೊತೆ ಇವಳನ್ನೂ ಕರ್ಕೊಂಡು ಬರ್ತಾಳೆ."

ಲಾವಣ್ಯ ಪಕ್ಕದ ಮನೆಯ ತೆಲುಗು ಹುಡುಗಿ. ಬೆಂಗಳೂರಿನಲ್ಲಿ ಓದಿದವಳು, ಕನ್ನಡ ಬರುತ್ತದೆ, ಬಹಳ ಒಳ್ಳೆಯವಳು. ಆದರೂ ಮಳೆಯ ದಿನ ಕಿಟಕಿಯ ಹಿಂದೆ ನಿಂತು, ನನ್ನ ಮೊಮ್ಮಗಳು ಇನ್ನೊಬ್ಬರ ಕೈ ಹಿಡಿದು ಬರುವುದನ್ನು ನೋಡುವುದು ಎಂಥ ಸಂಕಟ ಅಂತ ಅವಳಿಗೆ ಹೇಗೆ ಹೇಳಲಿ. ನಮ್ಮ ಕಡೆ ಮಳೆಗಾಗಿ ಮಕ್ಕಳು ತಲೆಯ ಮೇಲೆ ಹಲಗೆ ಹೊತ್ತು, ಅದರ ಮೇಲೆ ಮಣ್ಣಿನ ಗೊಂಬೆ ಇಟ್ಟುಕೊಂಡು ಮನೆಮನೆಗೆ ಬರುತ್ತಾರೆ, ನಾವು ನೀರು ಹುಯ್ದು ಕಳಿಸುತ್ತೇವೆ. ಅಂಥ ಸೀಮೆಯವಳು ನಾನು ದಿನಾ ಎದ್ದು, ದೇವರೇ ಇವತ್ತು ಬರೋದು ಬೇಡ ಅಂತ ಕೈ ಮುಗಿಯುತ್ತಿದ್ದೆ. ಮುಗಿದು, ತಪ್ಪಾಯ್ತು ಅಂತ ಕೆನ್ನೆ ಬಡಿದುಕೊಳ್ಳುತ್ತಿದ್ದೆ.

ಬೂಟಿನ ಅಂಗಡಿ

ಮುಂದಿನ ಶನಿವಾರ ಪವಿತ್ರ ನನ್ನನ್ನೂ ಇವರನ್ನೂ ಬೂಟಿನ ಅಂಗಡಿಗೆ ಕರೆದುಕೊಂಡು ಹೋದಳು. ನನ್ನ ಮನಸ್ಸು ಅರಳಿತು. ಬೂಟು ಸಿಕ್ಕರೆ ಬಸ್ಸೂ ಸಿಕ್ಕಿದ ಹಾಗೆ.

ನಮ್ಮೂರ ಅಂಗಡಿಯಾತ ಕಾಲು ನೋಡಿದ ತಕ್ಷಣ ನಂಬರ್ ಹೇಳಿ, ಮೇಲಿನ ಅಟ್ಟಕ್ಕೆ ಕೂಗಿದರೆ ಪೆಟ್ಟಿಗೆ ಕೆಳಗೆ ಬೀಳುತ್ತದೆ. ಇಲ್ಲಿ ಕೇಳುವವರೇ ಇಲ್ಲ. ಪೆಟ್ಟಿಗೆಗಳ ಗೋಡೆ, ಗೋಡೆಗಳ ಬೀದಿ. ಜನ ತಾವೇ ತೆಗೆದು, ತಾವೇ ಹಾಕಿಕೊಂಡು, ಹೆಣ್ಣು ನೋಡಲು ಬಂದವರ ಮುಂದೆ ನಡೆಯುವ ಹಾಗೆ ಕನ್ನಡಿಯ ಮುಂದೆ ಹೋಗಿ ಬಂದು ಮಾಡುತ್ತಿರುತ್ತಾರೆ. ಮೊದಲು ಬಟ್ಟೆಯ ಬೂಟು ನೋಡಿದೆವು. ಹಗುರ, ಮೆತ್ತಗೆ, ಆದರೆ ಮೇಲೆಲ್ಲ ಜರಡಿ. ನೀರು ಒಳಗೆ ಹೋಗುತ್ತದೆ. ಆಮೇಲೆ ತೂತಿನ ರಬ್ಬರ್ ಚಪ್ಪಲಿ, ಅನ್ವಿ ಹಾಕುವಂಥದ್ದು. ನೀರು ಒಳಗೂ ಹೋಗುತ್ತದೆ, ಹೊರಗೂ ಬರುತ್ತದೆ, ಕಾಲು ಒಳಗೇ ಜಾರುತ್ತದೆ. ಕೊನೆಗೆ ಮೊಣಕಾಲಿನವರೆಗೆ ಬರುವ ಮಳೆಬೂಟು. ಹಸಿರು, ಮೇಲೆ ಹೂವು. ನೋಡಲು ಬಲು ಚೆಂದ.

ಕಾಲು ಹಾಕಿದೆ. ಹಿಮ್ಮಡಿ ಒಳಗೆ ಕೂತ ಕ್ಷಣಕ್ಕೆ ಪ್ರಾಣ ಹೋದ ಹಾಗಾಯಿತು. ಬೂಟಿನ ಮೂತಿ ಚೂಪು, ನನ್ನ ಪಾದದ ಮುಂಭಾಗ ಮೊರದಷ್ಟು ಅಗಲ. ಅದು ಸಾಲದು ಅಂತ ಎರಡೂ ಕಾಲಿನ ಹೆಬ್ಬೆರಳ ಪಕ್ಕದ ಬೆರಳಿಗೆ ಮದುವೆಯಲ್ಲಿ ಹಾಕಿದ ಬೆಳ್ಳಿ ಕಾಲುಂಗುರ, ಎರಡು ಸುತ್ತಿನದು. ಬೂಟು ಒತ್ತಿದರೆ ಉಂಗುರ ಪಕ್ಕದ ಬೆರಳನ್ನು ಕಚ್ಚುತ್ತದೆ. ಬೂಟು ಬಿಚ್ಚೋಣ ಅಂದರೆ ಬರಲೊಲ್ಲದು. ಒಳಗೆ ಗಾಳಿ ಹಿಡಿದುಕೊಂಡಿತ್ತು. ಪವಿತ್ರ ಬೂಟು ಎಳೆದಳು, ಇವರು ನನ್ನ ಕಂಕುಳ ಹಿಡಿದು ಹಿಂದಕ್ಕೆ ಎಳೆದರು. ಪೆಟ್ಟಿಗೆಗಳ ಬೀದಿಯ ಆ ಕೊನೆಯಿಂದ ಒಂದು ಮಗು ಅವರಮ್ಮನಿಗೆ ತೋರಿಸಿತು.

"ಅಮ್ಮ, ಆ ರಿಂಗ್ ಇಲ್ಲಿರೋಷ್ಟು ದಿನ ತೆಗೆದಿಡು. ಇಲ್ಲಿ ಯಾರು ನೋಡ್ತಾರೆ," ಅಂದಳು ಪವಿತ್ರ.

"ನೋಡ್ಲಿ ಅಂತ ಹಾಕ್ಕೊಂಡಿದೀನಾ?"

"ಮತ್ಯಾಕೆ?"

ಹೇಳಲು ನನಗೆ ಬಾಯಿ ಬರಲಿಲ್ಲ. ಇವರು ಪಕ್ಕದಲ್ಲೇ ನಿಂತಿದ್ದರಲ್ಲ. ಇವರೇ ಹೇಳಿದರು. "ತೆಗಿ ಮಾರಾಯ್ತಿ, ನಂಗೇನಾಗಲ್ಲ. ಗಟ್ಟಿಯಾಗೇ ಇದೀನಿ."

ತೆಗೆಯುವುದಿಲ್ಲ ಅಂದೆ. ಬರಿಗೈಯಲ್ಲಿ ಮನೆಗೆ ಬಂದೆವು.

ಆದರೆ ಮರುವಾರ ಮತ್ತೆ ಎರಡು ದಿನ ಮಳೆ. ಮತ್ತೆ ಕಿಟಕಿ. ಎರಡನೆಯ ದಿನ ಅನ್ವಿ ಲಾವಣ್ಯಳ ಕೈ ಹಿಡಿದು ಬರುವಾಗ ನಮ್ಮ ಕಿಟಕಿಯ ಕಡೆ ನೋಡಲೇ ಇಲ್ಲ. ನಾನು ಬಚ್ಚಲಿಗೆ ಹೋಗಿ ಕಾಲಿಗೆ ಕೊಬ್ಬರಿ ಎಣ್ಣೆ ಸವರಿ ಎರಡೂ ಉಂಗುರ ಬಿಚ್ಚಿದೆ. ಕುಂಕುಮದ ಡಬ್ಬಿಯೊಳಗೆ ಇಟ್ಟು ಮುಚ್ಚಿದೆ. ಬೆರಳ ಬುಡದಲ್ಲಿ ಬಿಳಿ ಗೆರೆ ಉಳಿದಿತ್ತು. ಆ ಜಾಗದ ಚರ್ಮ ನನ್ನ ಮದುವೆಯಾದಾಗಿನಿಂದ ಬಿಸಿಲು ಕಂಡಿರಲಿಲ್ಲ.

ಸಾಯಂಕಾಲ ಇವರಿಗೆ ಚಳಿ ಜ್ವರ.

ಹಣೆ ಮುಟ್ಟಿದರೆ ಹೆಂಚಿನ ಹಾಗಿದೆ. ಓಡಿಹೋಗಿ ಉಂಗುರ ಹಾಕಿಕೊಂಡೆ. ಗಾಬರಿಯಲ್ಲಿ ಎಡಗಾಲಿನದು ಬಲಗಾಲಿಗೆ ಹಾಕಿ, ಅದೂ ತಪ್ಪಿರಬಹುದು ಅಂತ ಬಿಚ್ಚಿ ಮತ್ತೆ ಹಾಕಿದೆ. ಇವರ ಕಾಲ ಬಳಿ ಕೂತು ಎಲ್ಲ ಒಪ್ಪಿಕೊಂಡುಬಿಟ್ಟೆ. ಇವರು ಕಂಬಳಿಯೊಳಗಿಂದ ತಲೆ ಹೊರಗೆ ಹಾಕಿ ಕೇಳಿಸಿಕೊಂಡರು.

"ಇಷ್ಟು ವರ್ಷ ನನ್ನ ಪ್ರಾಣ ನಿನ್ನ ಕಾಲ್ಬೆರಳಲ್ಲಿತ್ತು ಅಂತ ಗೊತ್ತೇ ಇರ್ಲಿಲ್ಲ ನೋಡು. ಗೊತ್ತಿದ್ರೆ ಇನ್ನೊಂದು ಸ್ವಲ್ಪ ಹೆದರಿಕೊಂಡು ಇರ್ತಿದ್ದೆ."

"ತಮಾಷೆ ಬೇಡ. ಜ್ವರ ಹೇಗೆ ಬಂತು ಮತ್ತೆ?"

"ಫ್ರಿಜ್ಜಲ್ಲಿ ಅನ್ವಿಯ ಐಸ್ ಕ್ರೀಮಿನ ಡಬ್ಬ ಇತ್ತು. ಮಧ್ಯಾಹ್ನ ನೀನು ಮಲಗಿದಾಗ ಪೂರ್ತಿ ತಿಂದೆ. ಪವಿತ್ರಂಗೆ ಹೇಳ್ಬೇಡ."

ಎರಡು ದಿನಕ್ಕೆ ಜ್ವರ ಬಿಟ್ಟಿತು. ಐಸ್ ಕ್ರೀಮೇ ಇರಬಹುದು. ಆದರೂ ಆಮೇಲೆ ನಾನು ಉಂಗುರ ಮುಟ್ಟಲು ಹೋಗಲಿಲ್ಲ, ಇವರೂ ತೆಗೆ ಅನ್ನಲಿಲ್ಲ.

ಉತ್ತರ ಕೆರೊಲಿನಾ: ಹಿಂಡಿ ಬೂಸಾದ ವಾಸನೆ

ನವರಾತ್ರಿಗೆ ಅಲ್ಫರೆಟಾ ಎಂಬ ದೂರದ ಊರಿನಲ್ಲಿರುವ ಇವರ ತಂಗಿ ಮಗಳ ಮನೆಗೆ ಗೊಂಬೆ ನೋಡಲು ಹೊರಟೆವು. ಕಾರಿನಲ್ಲಿ ಒಂದು ಹಗಲು ಪೂರ್ತಿ. ದಾರಿಯುದ್ದಕ್ಕೂ ಎರಡೂ ಕಡೆ ಮರ, ಮರ, ಮರ. ಊರುಗಳು ಎಲ್ಲಿ ಅಡಗಿವೆಯೋ ಕಾಣುವುದೇ ಇಲ್ಲ, ಊರಿನ ಹೆಸರು ಬರೆದ ಹಸಿರು ಫಲಕ ಮಾತ್ರ ಬಂದು ಹೋಗುತ್ತದೆ. ಇವರು ಮುಂದೆ ಕೂತು, ತಮಗೆ ಓದಲು ಬಾರದ ಫಲಕಗಳಿಗೆಲ್ಲ ನಮ್ಮ ಕಡೆಯ ಹೆಸರಿಟ್ಟರು. "ಇದು ಕಿಬ್ಬನಹಳ್ಳಿ ಕ್ರಾಸು. ಈಗ ಅರಸೀಕೆರೆ ಬರುತ್ತೆ." ಅನ್ವಿ ನಂಬಿದಳು.

ಉತ್ತರ ಕೆರೊಲಿನಾ ಹೊಕ್ಕ ಮೇಲೆ ಮಳೆ ಹಿಡಿಯಿತು. ಎಂಥ ಮಳೆ ಅಂದರೆ ಗಾಜು ಒರೆಸುವ ಕಡ್ಡಿಗಳು ಸೋತವು. ಅದರ ಮೇಲೆ ಅನ್ವಿಗೆ ಅರ್ಜೆಂಟು. ಅಳಿಯಂದಿರು ಹೆದ್ದಾರಿ ಬಿಟ್ಟು ಒಂದು ಚಿಕ್ಕ ಊರಿನ ಅಂಗಡಿಯ ಮುಂದೆ ನಿಲ್ಲಿಸಿದರು. ಹವಾಯಿ ಚಪ್ಪಲಿಯಲ್ಲಿ ಪಚಪಚ ಅನ್ನುತ್ತಾ ಒಳಗೆ ಹೋದೆ. ಹೋದ ಕೂಡಲೇ ಮೂಗಿಗೆ ಬಡಿದ ವಾಸನೆಗೆ ನಿಂತುಬಿಟ್ಟೆ. ನಮ್ಮ ತಿಪಟೂರಿನ ಹಿಂಡಿ ಬೂಸಾದ ಅಂಗಡಿ. ಅದೇ ಘಮ. ಮೂಟೆಗಳು, ಹಗ್ಗ, ಬಕೆಟ್ಟು, ಕೋಳಿಗೂಡಿನ ತಂತಿ, ಕುದುರೆಗೆ ಹಾಕುವ ಪಟ್ಟಿಗಳು. ರೈತರ ಅಂಗಡಿ. ಇಷ್ಟು ದಿನ ಅಮೆರಿಕದಲ್ಲಿ ರೈತರು ಇದ್ದಾರೆ ಅಂತಲೇ ನನಗೆ ಹೊಳೆದಿರಲಿಲ್ಲ.

ಅಂಗಡಿಯಲ್ಲಿ ಒಬ್ಬ ಅಜ್ಜಿ. ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ಬೆಳ್ಳಗಿನ ತಲೆ, ಕೆಂಪು ಕೈ. ಪವಿತ್ರ ಅನ್ವಿಯನ್ನು ಒಳಗೆ ಕರೆದುಕೊಂಡು ಹೋದಳು. ಅಜ್ಜಿ ನನ್ನ ಒದ್ದೆ ಕಾಲು ನೋಡಿ 'ಹನಿ, ಹನಿ' ಅನ್ನುತ್ತಾ ಒಂದು ಸ್ಟೂಲು ಎಳೆದು ಕೂರಿಸಿದರು. ಮಳೆಯ ಹನಿಯಲ್ಲ, ಇಂಗ್ಲಿಷಿನ ಜೇನು, ನಾವು ಪುಟ್ಟ ಅಂದ ಹಾಗೆ. ಎಲ್ಲರಿಗೂ ಅವರು ಹಾಗೇ ಅನ್ನುತ್ತಾರಂತೆ, ಅಳಿಯಂದಿರನ್ನೂ ಬಿಡಲಿಲ್ಲ. ಆಮೇಲೆ ಒಂದು ಟವೆಲ್ ತಂದು, ನೆಲದ ಮೇಲೆ ಮಂಡಿಯೂರಿ, ನನ್ನ ಪಾದವನ್ನು ಕೈಗೆ ತೆಗೆದುಕೊಂಡರು.

ಬೆಂಕಿ ತಗುಲಿದ ಹಾಗೆ ಕಾಲು ಹಿಂದಕ್ಕೆ ಎಳೆದುಕೊಂಡೆ. ನನಗಿಂತ ದೊಡ್ಡವರು, ಅದೂ ಗೊತ್ತಿಲ್ಲದವರು, ನನ್ನ ಕಾಲು ಮುಟ್ಟುವುದೇ? ಎದ್ದು ಬಗ್ಗಿ ಅವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವರು ಏನೋ ಬಿದ್ದುಹೋಗಿದೆ, ಹುಡುಕುತ್ತಿದ್ದೇನೆ ಅಂದುಕೊಂಡು ತಾವೂ ನೆಲ ನೋಡತೊಡಗಿದರು. ಅಳಿಯಂದಿರು ನಗು ತಡೆದುಕೊಂಡು ಇಬ್ಬರಿಗೂ ಅರ್ಥ ಮಾಡಿಸಿದರು.

"ಅತ್ತೆ, ಕೂತ್ಕೊಳಿ. ನಲವತ್ತು ವರ್ಷದಿಂದ ಜನರ ಕಾಲಿಗೆ ಬೂಟು ಹಾಕ್ತಿದಾರಂತೆ. ಅವರ ಕೆಲಸ ಅವರು ಮಾಡ್ಲಿ ಬಿಡಿ ಅಂತಾರೆ."

ಕೂತೆ. ಅವರು ಪಾದ ಒರೆಸಿದರು, ಬೆರಳು ಬೆರಳಿನ ಸಂದಿಯನ್ನೂ ಒರೆಸಿದರು. ನನ್ನ ಅಮ್ಮ ಹೋದ ಮೇಲೆ ನನ್ನ ಪಾದವನ್ನು ಹಾಗೆ ಯಾರೂ ಹಿಡಿದಿರಲಿಲ್ಲ. ಉಂಗುರದ ಹತ್ತಿರ ಬಂದಾಗ ನಿಲ್ಲಿಸಿ, ಇದೇನು ಅಂತ ಕೇಳಿದರು. ಅಳಿಯಂದಿರು ಹೇಳಿದರು. ಅಜ್ಜಿ ಬಾಗಿಲ ಬಳಿ ನಿಂತಿದ್ದ ನಮ್ಮೆಜಮಾನರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ತಮ್ಮ ಎಡಗೈ ನನ್ನ ಮುಂದೆ ಹಿಡಿದರು. ಉಂಗುರದ ಬೆರಳಲ್ಲಿ ಸವೆದ ಚಿನ್ನದ ಉಂಗುರ. ಬೆರಳ ಗಂಟು ಅದಕ್ಕಿಂತ ದಪ್ಪವಾಗಿತ್ತು.

"ಗಂಡ ತೀರಿ ಹನ್ನೊಂದು ವರ್ಷ ಆಯ್ತಂತೆ. ತೆಗೆದಿಲ್ಲವಂತೆ."

"ಬರಲ್ಲ ಅಂತಾನಾ?" ಅಂತ ಕೇಳಿದೆ.

ಅಳಿಯಂದಿರು ಕೇಳಿದರು. ಅಜ್ಜಿ ಅಲ್ಲ ಅಂತ ತಲೆಯಾಡಿಸಿದರು.

"ತೆಗಿ ಅಂತ ಯಾರೂ ಹೇಳಲಿಲ್ಲವಂತೆ."

ನಮ್ಮಲ್ಲಿ ಹೇಳುವವರಿಗೆ ಏನು ಕೊರತೆ. ನಮ್ಮ ಅತ್ತೆಗೆ ಹನ್ನೊಂದನೆಯ ದಿನ ಐದು ಜನ ಹೆಂಗಸರು ಕೂತು ಕಾಲುಂಗುರ ತೆಗೆಸಿದ್ದನ್ನು ನಾನೇ ನೋಡಿದ್ದೇನೆ, ನಾನೇ ಎಣ್ಣೆ ತಂದುಕೊಟ್ಟವಳು. ಆ ಅಂಗಡಿಯಲ್ಲಿ ಕೂತು ನಮ್ಮ ಅತ್ತೆಯ ಕಾಲು ನೆನಪಾಯಿತು. ಅಜ್ಜಿಯ ಕೈ ಹಿಡಿದುಕೊಂಡೆ.

ಆಮೇಲೆ ಅವರು ನನ್ನ ಪಾದದ ಅಗಲವನ್ನು ಅಂಗೈಯಲ್ಲೇ ಅಳೆದರು. ಹೆಂಗಸರ ಬೂಟುಗಳನ್ನು ದಾಟಿ ಹೋಗಿ ಹಿಂದಿನ ಸಾಲಿನಿಂದ ಒಂದು ಜೊತೆ ತಂದರು. ಕಪ್ಪು, ದಪ್ಪ ರಬ್ಬರಿನದು, ಕಾಲಿನ ಹರಡಿಗಿಂತ ನಾಲ್ಕು ಬೆರಳು ಮೇಲಕ್ಕೆ ಬರುವಂಥದ್ದು. ಮೂತಿ ಎಮ್ಮೆಯ ಮೂತಿಯಂತೆ ಅಗಲ. ಅಡಿಯಲ್ಲಿ ಟ್ರಾಕ್ಟರಿನ ಗಾಲಿಯ ಹಾಗೆ ಹಲ್ಲು. ಹಿಂದೆ ಎಳೆದುಕೊಳ್ಳಲು ಒಂದು ಕುಣಿಕೆ. ದನದ ಕೊಟ್ಟಿಗೆ ತೊಳೆಯುವವರು ಹಾಕುವ ಬೂಟಂತೆ, ಗಂಡಸರದು.

"ಅವರದ್ದೂ ನಿಮ್ಮಂಥದ್ದೇ ಪಾದ ಅಂತೆ ಅತ್ತೆ. ಚಿಕ್ಕವಯಸ್ಸಲ್ಲಿ ಹೊಗೆಸೊಪ್ಪಿನ ಹೊಲದಲ್ಲಿ ಬರಿಗಾಲಲ್ಲಿ ಕೆಲಸ ಮಾಡಿ ಅಗಲ ಆಗಿದ್ದಂತೆ. ಹೆಂಗಸರ ಬೂಟು ಮಾಡೋರಿಗೆ ನಿಂತು ಕೆಲಸ ಮಾಡೋ ಹೆಂಗಸರು ಗೊತ್ತೇ ಇಲ್ಲ ಅಂತಿದಾರೆ."

ದಪ್ಪ ಕಾಲುಚೀಲ ಹಾಕಿಸಿ, ಬೂಟಿಗೆ ಕಾಲು ಇಳಿಸಿದರು. ಬೆರಳು ಐದೂ ಅದರದರ ಜಾಗದಲ್ಲಿ ಕೂತವು. ಉಂಗುರ ಯಾರನ್ನೂ ಕಚ್ಚಲಿಲ್ಲ. ನಿಂತೆ, ನಡೆದೆ. ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. ಅಂಗಡಿಯ ಹೊರಗೆ ಮಳೆ ಸುರಿಯುವ ಇಳಿಜಾರಿಗೆ ನನ್ನನ್ನು ಕರೆದುಕೊಂಡು ಹೋಗಿ, ಎರಡು ಸಲ ಮೇಲೆ ಕೆಳಗೆ ನಡೆಸಿದರು. ಹಿಮ್ಮಡಿ ಮೊದಲು ಊರಬೇಡ, ಇಡೀ ಪಾದ ಒಟ್ಟಿಗೆ ಇಡು, ಹೆಜ್ಜೆ ಚಿಕ್ಕದಿರಲಿ ಅಂತ ತಾವೇ ನಡೆದು ತೋರಿಸಿದರು. ಇಬ್ಬರೂ ಬಾತುಕೋಳಿಗಳ ಹಾಗೆ ನಡೆದೆವು, ಇಬ್ಬರೂ ನೆನೆದೆವು.

ಒಳಗೆ ಬಂದಾಗ ಇವರು ನನ್ನ ಸೀರೆಯನ್ನೂ ಬೂಟನ್ನೂ ನೋಡಿ, "ಕೊನೆಗೂ ಗಂಡಸರ ಬೂಟು ಹಾಕ್ಕೊಂಡ್ಯಲ್ಲೇ," ಅಂದರು.

"ಮನೇಲಿ ಗಂಡಸು ಯಾರು ಅಂತ ಊರಿಗೆಲ್ಲ ಗೊತ್ತಿರೋದೇ," ಅಂದೆ.

ಅಳಿಯಂದಿರು ಅದನ್ನೂ ಅಜ್ಜಿಗೆ ಹೇಳಿದರು. ಅವರು ಕೌಂಟರಿನ ಮೇಲೆ ಕೈ ಬಡಿದು ನಕ್ಕರು.

ಅಲ್ಫರೆಟಾ

ಅಲ್ಫರೆಟಾದಲ್ಲಿ ಒಂದು ಹನಿಯೂ ಬೀಳಲಿಲ್ಲ. ಗೊಂಬೆ ನೋಡಲು ಬಂದವರ ಚಪ್ಪಲಿಗಳೆಲ್ಲ ಗ್ಯಾರೇಜಿನಲ್ಲಿ ಸಾಲಾಗಿದ್ದವು, ಕಲ್ಲು ಮಿಂಚುವವು, ಜರಿಯವು. ಮಧ್ಯದಲ್ಲಿ ನನ್ನ ಎಮ್ಮೆಗಳೆರಡು. ಮೈಸೂರಿನ ಒಬ್ಬ ಹೆಂಗಸು "ಯಾರೋ ಪ್ಲಂಬರ್ ಬಂದಿದಾನೆ ಅನ್ಸುತ್ತೆ," ಅಂದರು. ನಂದೇ ಅಂದೆ. ಅವರಿಗೆ ನಾಚಿಕೆಯಾಗಿ, "ತುಂಬಾ ಪ್ರಾಕ್ಟಿಕಲ್ ಆಂಟಿ," ಅಂದರು. ಹೊರಡುವಾಗ ಗುಟ್ಟಾಗಿ ಒಂದು ಕಾಲು ಹಾಕಿ ನೋಡುತ್ತಿದ್ದದ್ದನ್ನು ನಾನು ಕಂಡೆ. ಕಂಡೂ ಕಾಣದ ಹಾಗಿದ್ದೆ.

ವಾಪಸ್ ಬರುವಾಗ ಕಾರಿನಲ್ಲಿ ಪವಿತ್ರಳನ್ನು ಕೇಳಿದೆ. "ಈಗ ಬೂಟು ಇದೆಯಲ್ಲ. ಮಳೇಲೂ ಹೋಗ್ಲಾ?"

"ನೋಡೋಣಮ್ಮ. ಮೊದಲು ಒಂದಿನ ಮಳೇಲಿ ನನ್ನ ಜೊತೆ ನಡಿ. ಆಮೇಲೆ ನೋಡೋಣ."

ಬೂಟು ಹಾಕಿದರೂ ಅವಳ ಕಣ್ಣಿಗೆ ನಾನು ಬಿದ್ದವಳೇ. ತಪ್ಪೇನಿಲ್ಲ. ಅವಳು ತಾಯಿ.

ಮತ್ತೆ ಆಶ್‌ಬರ್ನ್: ಮಂಗಳವಾರ

ಎರಡು ವಾರ ಬಿಸಿಲೇ ಬಿಸಿಲು. ಮಳೆ ಬೇಡ ಅಂದಾಗ ಬಂದದ್ದು, ಬಾ ಅಂದಾಗ ಬರಲಿಲ್ಲ. ಒಂದು ಮಂಗಳವಾರ, ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಹತ್ತು ಗಂಟೆಗೆ ಶುರುವಾಯಿತು. ಗಾಳಿಮಳೆ, ಬಿಡುವೇ ಇಲ್ಲ. ಮೂರು ಗಂಟೆಗೆ ಫೋನು. ಲಾವಣ್ಯ.

"ಆಂಟಿ, ಬಾಬುಗೆ ಜ್ವರ ಅಂತ ಸ್ಕೂಲಿಂದ ಫೋನ್ ಬಂತು. ನಾನು ಅವನನ್ನ ಕರ್ಕೊಂಡು ಡಾಕ್ಟರ್ ಹತ್ರ ಇದೀನಿ. ಬಸ್ ಹತ್ರ ಬರೋಕೆ ಆಗಲ್ಲ. ಪವಿತ್ರಗೆ ಮೆಸೇಜ್ ಮಾಡಿದೀನಿ."

ಅದರ ಹಿಂದೆಯೇ ಪವಿತ್ರ. ಲ್ಯಾಬಿನಿಂದ ಈಗ ಹೊರಟರೂ ನದಿ ದಾಟಿ ಬರಲು ಒಂದು ಗಂಟೆಯಾದರೂ ಬೇಕು. ಅಳಿಯಂದಿರು ಫೋನು ಒಯ್ಯಲು ಬಿಡದ ಕೋಣೆಯಲ್ಲಿದ್ದಾರೆ.

"ಸ್ಕೂಲಿಗೆ ಫೋನ್ ಮಾಡ್ತೀನಮ್ಮ. ಬಸ್ಸಲ್ಲೇ ವಾಪಸ್ ಕರ್ಕೊಂಡು ಹೋಗಿ ಆಫೀಸಲ್ಲಿ ಕೂರಿಸ್ಕೊಳ್ತಾರೆ."

ಎಲ್ಲ ಮಕ್ಕಳೂ ಇಳಿದು ಹೋದ ಮೇಲೆ ಖಾಲಿ ಬಸ್ಸಿನಲ್ಲಿ ಒಬ್ಬಳೇ ಕೂತು ವಾಪಸ್ ಹೋಗುವ ಅನ್ವಿ ನನ್ನ ಕಣ್ಣ ಮುಂದೆ ಬಂದಳು.

"ನಾನು ಹೋಗ್ತೀನಿ," ಅಂದೆ.

ಫೋನು ಕಿವಿಯಲ್ಲೇ ಇಟ್ಟುಕೊಂಡು ಕಿಟಕಿಯಿಂದ ಮಳೆ ನೋಡಿದೆ.

"ಪವಿ, ಹೋಗ್ತೀನಿ ಕಣೇ. ಬೂಟಿದೆ."

"ನಿಧಾನ ಅಮ್ಮ," ಅಂದಳು. ಅಷ್ಟೇ ಅಂದದ್ದು.

ಇವರು ಕೋಲು ಹಿಡಿದು ಎದ್ದರು. "ನಾನೂ ಬರ್ಲಾ?"

"ಬನ್ನಿ. ಇಬ್ಬರೂ ಬಿದ್ರೆ ಎತ್ತೋರು ಯಾರು? ಬಾಗಿಲು ಹಿಡ್ಕೊಳಿ ಸಾಕು."

ಬಾಗಿಲು ತೆಗೆದರೆ ನನ್ನ ಬೂಟು ಮೆಟ್ಟಿಲ ಮೇಲೆ. ಕಾಲಿಗೆ ಮೆಟ್ಟುವುದನ್ನು ಮನೆಯೊಳಗೆ ತರುವ ಅಭ್ಯಾಸ ನನಗಿಲ್ಲ. ಮನೆಯವರೆಲ್ಲ ಬಾಗಿಲ ಒಳಗೆ ಗೂಡಿನಲ್ಲಿ ಬಿಡುತ್ತಾರೆ, ನಾನು ಹೊರಗೇ ಬಿಡುವವಳು. ಬೆಳಿಗ್ಗೆ ಹತ್ತರಿಂದ ಓರೆಯಾಗಿ ಹೊಡೆದ ಮಳೆ ಎರಡೂ ಬೂಟನ್ನು ನೀರಿನ ಕೊಡದ ಹಾಗೆ ತುಂಬಿಸಿತ್ತು. ಮೇಲೆ ಒಂದು ಕೆಂಪು ಎಲೆ ತೇಲುತ್ತಿತ್ತು. ಒಂದು ಹನಿ ಒಳಗೆ ಬಿಡದ ಬೂಟು, ಒಂದು ಹನಿ ಹೊರಗೂ ಬಿಡದು.

ಗಡಿಯಾರ ಮೂರೂವರೆ ಅನ್ನುತ್ತಿತ್ತು. ಎತ್ತಿ ಸುರಿದೆ. ಕೊಡವಿದೆ. ಸೆರಗಿನ ತುದಿ ಒಳಗೆ ಹಾಕಿ ಒರೆಸಿದೆ, ಸೆರಗು ಒದ್ದೆಯಾಯಿತೇ ಹೊರತು ಬೂಟು ಒಣಗಲಿಲ್ಲ. ಹಾಕಿಕೊಂಡೆ. ಚಳಿ ಮೊಣಕಾಲಿನವರೆಗೆ ಏರಿತು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ, ಬಿಸಿಯೂಟದ ಹಂಡೆ ಇಳಿಸುವಾಗ ಸಿಕ್ಕಿಸುತ್ತಿದ್ದ ಹಾಗೆ. ಹೊರಟೆ.

ದಾರಿ ತುಂಬ ಉದುರಿದ ಎಲೆ, ಕೆಂಪು ಹಳದಿ ಜಮಖಾನ. ಗಾಳಿಗೆ ಛತ್ರಿ ಮೇಲಕ್ಕೆ ತಿರುಗಿಕೊಂಡಿತು. ಮಡಿಚಿ ಊರುಗೋಲು ಮಾಡಿಕೊಂಡೆ. ಇಡೀ ಪಾದ ಒಟ್ಟಿಗೆ, ಹೆಜ್ಜೆ ಚಿಕ್ಕದು. ಒಂದೊಂದು ಹೆಜ್ಜೆಗೂ ಒಳಗಿನ ನೀರು ಪಚಕ್ ಅನ್ನುತ್ತಿತ್ತು. ಇಳಿಜಾರಿನಲ್ಲಿ ಒಂದು ಗಳಿಗೆ ನಿಂತೆ. ಬೂಟಿನ ಹಲ್ಲು ನೆಲ ಹಿಡಿದಿತ್ತು. ಇಳಿದೆ.

ಮೂಲೆಯಲ್ಲಿ ಯಾರೂ ಇರಲಿಲ್ಲ. ಬೇರೆಯವರು ತಮ್ಮ ತಮ್ಮ ಕಾರಿನೊಳಗೆ ಬೆಚ್ಚಗೆ ಕೂತಿದ್ದರು. ನಾಯಿಯವರು ಮಾತ್ರ ದೂರದಿಂದ ಕೈ ಎತ್ತಿದರು. ನಾನೂ ಎತ್ತಿದೆ.

ಬಸ್ಸು ಬಂತು. ಡ್ರೈವರಮ್ಮ ಬಾಗಿಲು ತೆಗೆದು, ತಲೆಯಿಂದ ಕಾಲಿನವರೆಗೆ ಸುರಿಯುತ್ತಿದ್ದ ನನ್ನನ್ನು ನೋಡಿ, ಹಿಂದೆ ತಿರುಗಿ ಏನೋ ಕೇಳಿದರು. ಅನ್ವಿಯ ದನಿ ಕೇಳಿತು. "ಯೆಸ್, ದಟ್ಸ್ ಮೈ ಅಜ್ಜಿ." ಆಮೇಲೆ ಅವಳೇ ಮೆಟ್ಟಿಲ ಮೇಲೆ ಕಂಡಳು. ನನ್ನ ಮುಖ ನೋಡಲಿಲ್ಲ, ಮೊದಲು ನನ್ನ ಕಾಲು ನೋಡಿದಳು. ನೋಡಿ, ಕೈ ಚಾಚಿದಳು.

ಎರಡೂ ಕಡೆ ಕಾರುಗಳು ನಿಂತಿದ್ದವು. ಎಷ್ಟು ಅಂತ ಅವತ್ತು ಎಣಿಸಲಿಲ್ಲ.

"ಅಜ್ಜಿ, ನಿನ್ ಶೂ ಟಾಕ್ ಮಾಡ್ತಿದೆ," ಅಂದಳು ಸ್ವಲ್ಪ ದೂರ ಬಂದ ಮೇಲೆ.

"ಏನನ್ನುತ್ತೆ?"

ಕಿವಿಗೊಟ್ಟು ಕೇಳಿದಳು. "ಪಚಕ್ ಅಂತೆ."

ಇಬ್ಬರೂ ಪಚಕ್ ಪಚಕ್ ಅನ್ನುತ್ತಾ ಮನೆಯವರೆಗೆ ಬಂದೆವು. ಬೀಳಲಿಲ್ಲ. ಇವರು ಬಾಗಿಲು ಹಿಡಿದುಕೊಂಡೇ ನಿಂತಿದ್ದರು, ಮುಕ್ಕಾಲು ಒದ್ದೆಯಾಗಿ. ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದೆ. ಅನ್ವಿ ಹಿಂದಿನ ಕುಣಿಕೆಗೆ ಎರಡೂ ಕೈ ಹಾಕಿ ಎಳೆದಳು. ಬೂಟು ಒಮ್ಮೆಲೇ ಬಂತು, ಅವಳು ಬೂಟನ್ನು ಅಪ್ಪಿಕೊಂಡು ಹಿಂದಕ್ಕೆ ಕುಕ್ಕರಿಸಿದಳು, ಒಳಗಿನ ನೀರೆಲ್ಲ ಅವಳ ಮಡಿಲಿಗೆ. ನಾನು ಹೆದರಿದೆ. ಅವಳು ಇನ್ನೊಂದು ಕಾಲು ಕೊಡು ಅಂದಳು.

ಮೈ ಒರೆಸಿ, ಹಾಲು ಕಾಯಿಸಿ ಕೊಡುವ ಹೊತ್ತಿಗೆ ಪವಿತ್ರಳ ಫೋನು. ಬಾಗಿಲ ಗಂಟೆಯ ಗುಂಡಿಯಲ್ಲಿ ಒಂದು ಕ್ಯಾಮೆರಾ ಇದೆಯಂತೆ, ಲ್ಯಾಬಿನಲ್ಲಿ ಕೂತೇ ಅವಳಿಗೆ ಎಲ್ಲ ಕಾಣುತ್ತದಂತೆ. ನಾನು ಬೂಟಿನಿಂದ ನೀರು ಸುರಿದದ್ದು, ಸೀರೆ ಸಿಕ್ಕಿಸಿದ್ದು, ಹೋದದ್ದು, ಬಂದದ್ದು, ಎಲ್ಲ ನೋಡಿದ್ದಾಳೆ. ಬೈಗುಳಕ್ಕೆ ತಯಾರಾಗಿ ನಿಂತೆ.

"ಅಮ್ಮ."

"ಹೇಳು."

"ನಾಳೆ ನಂಗೆ ಬೇಗ ಹೋಗ್ಬೇಕು. ನಾಳೇನೂ ಮಳೆ ಅಂತೆ." ಮೂಗು ಒರೆಸಿಕೊಂಡ ಸದ್ದು ಕೇಳಿತು. "ಬೆಳಿಗ್ಗೆ ಬಸ್ಸಿಗೂ ನೀನೇ ಬಿಟ್ಟು ಬರ್ತೀಯಾ?"

"ನಿಮ್ಮಪ್ಪನ್ನ ಕೇಳಿ ಹೇಳ್ತೀನಿ," ಅಂದೆ.

ಇವರನ್ನು ಕೇಳಲಿಲ್ಲ. ಹೊರಗೆ ಹೋಗಿ ಎರಡೂ ಬೂಟು ಎತ್ತಿಕೊಂಡು ಒಳಗೆ ತಂದೆ. ಟಪಾಲಿನಲ್ಲಿ ಬಂದು ಬಿದ್ದಿದ್ದ ತರಕಾರಿ ಅಂಗಡಿಯ ಜಾಹೀರಾತಿನ ಕಾಗದಗಳನ್ನೆಲ್ಲ ಉಂಡೆ ಮಾಡಿ, ಮೂತಿಯ ತುದಿಯವರೆಗೆ ಒಳಗೆ ತುರುಕಿದೆ. ಬಿಸಿಗಾಳಿ ಬರುವ ಜಾಲರಿಯ ಪಕ್ಕ, ನಾನು ಮಲಗುವ ಕೋಣೆಯಲ್ಲೇ, ಬೆಳಿಗ್ಗೆಯೊಳಗೆ ಒಣಗಲಿ ಅಂತ ಇಟ್ಟೆ.